ಜುಮಾದಿಲ್ ಮೇಷ್ಟ್ರ ಹೆಸರಲ್ಲಿ

ಕಿರ್ಗಿಸ್ತಾನದ ಕಾರಾಬುಲಾಕ್ ವಿಶ್ವವಿದ್ಯಾಲಯದ ಭೂಗೋಳ ವಿಭಾಗದಲ್ಲಿ ಬುರುಲ್ ಗುಮಾಸ್ತೆ. ಹಿರಿಯರು ಒಳಗೆ ಬಂದರೆ ಕುರ್ಚಿ ಬಿಟ್ಟೇಳುವವಳು, ಅವರ ಕೋಟು ತೆಗೆದು ಗೂಟಕ್ಕೆ ಹಾಕುವವಳು, ಚಹಾವನ್ನು ಬಟ್ಟಲಿಗೆ ಅರ್ಧವಷ್ಟೇ ಬಗ್ಗಿಸುವವಳು. ಬಟ್ಟಲು ತುಂಬ ಬಗ್ಗಿಸಿದರೆ ಅಲ್ಲಿ ಅತಿಥಿಗೆ ಎದ್ದು ಹೋಗಿ ಎಂದಂತೆ. ಅಂಕಗಳನ್ನು ಇನ್ನು ಮೇಲೆ ಮೇಷ್ಟ್ರುಗಳೇ ಕಂಪ್ಯೂಟರಿಗೆ ಏರಿಸಬೇಕೆಂಬ ಆದೇಶ ಬಂದಾಗ ಇಂಥವಳು ಏನು ಮಾಡಿಯಾಳು? ತನಗೆ ಪಾಠ ಹೇಳಿದ ಜುಮಾದಿಲ್ ಅಗಾಯ್, ಅಂದರೆ ಜುಮಾದಿಲ್ ಮೇಷ್ಟ್ರು, ಎಳೆಯರ ಮುಂದೆ ಕೀಲಿಮಣೆ ತಡಕುತ್ತ ಕೂರುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

"ಚೀಟೀಲಿ ಬರ್ಕೊಡಿ ಅಗಾಯ್. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಳು.

ಆಮೇಲೆ ಉಳಿದ ಮುದುಕರೂ ಚೀಟಿ ಹಿಡಿದು ಬಂದರು. ಎಲ್ಲರ ಪಾಸ್‌ವರ್ಡೂ ಅವಳಿಗೆ ಬಾಯಿಪಾಠ. ಇದು ಮೋಸವೆಂದು ಯಾರಿಗೂ ಹೊಳೆಯಲಿಲ್ಲ. ಹಿರಿಯರಿಗೆ ಕಿರಿಯರು ಮಾಡಿಕೊಡುವ ನೂರು ಕೆಲಸಗಳಲ್ಲಿ ಇದೂ ಒಂದು.

ಈ ವಸಂತದಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ತಂಡ ಬಂತು. ವಿಶ್ವವಿದ್ಯಾಲಯ ಡಿಜಿಟಲ್ ಆಗಿ ಎಷ್ಟು ಮಾಗಿದೆ ಎಂದು ಅಳೆದು, ಒಂದರಿಂದ ಐದರೊಳಗೆ ಮಟ್ಟ ಕೊಡುವ ತಂಡ. ಕಂಪ್ಯೂಟರ್ ಮುಟ್ಟದ ಮೇಷ್ಟ್ರುಗಳನ್ನು ಬೇಸಿಗೆಗೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಬುರುಲ್ ನಿಶ್ಚಿಂತೆಯಿಂದಿದ್ದಳು. ಅವಳು ಒಂದು ಅಂಕವನ್ನೂ ತಡ ಮಾಡಿದವಳಲ್ಲ.

ಕೆಟ್ಟದ್ದೇ ಅಲ್ಲಿ. ತಂಡದ ಮುಖ್ಯಸ್ಥೆ ಬೆಗಿಮಾಯ್, ಇನ್ನೂ ಹುಡುಗಿ, ನಗುತ್ತ ಬಂದಳು. "ಅಕ್ಕಾ, ಇಡೀ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗಿಂತ ಜಾಸ್ತಿ ಕಂಪ್ಯೂಟರ್ ಬಳಸಿರೋರು ನಿಮ್ಮ ಜುಮಾದಿಲ್ ಅಗಾಯ್! ಈ ವಯಸ್ಸಲ್ಲಿ! ಅವರು ಮಾಡೋದನ್ನ ಕಣ್ಣಾರೆ ನೋಡ್ಬೇಕು."

ಬುರುಲ್ ಥಟ್ಟನೆ ಎದ್ದಳು. "ಅವರಿಗೆ ಇವತ್ತು ಮೈ ಸರಿಯಿಲ್ಲ..."

"ಈಗಷ್ಟೇ ಮೆಟ್ಟಿಲು ಹತ್ತಿ ಬಂದ್ರಲ್ಲ!" ಎಂದರು ಅವಳ ಹಿಂದೆಯೇ ಬಂದ ವಿಶ್ವವಿದ್ಯಾಲಯದ ಮುಖ್ಯಸ್ಥ ರೆಕ್ಟರ್, ಹಿಗ್ಗಿ ಹೀರೇಕಾಯಿಯಾಗಿ.

ತುಂಬಿದ ತರಗತಿಯಲ್ಲಿ ಅಗಾಯ್ ಟೋಪಿ ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಗೋಡೆಯ ಪರದೆಯ ಮೇಲೆ ಅವರ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಜಾಗ. ಅವರ ಬೆರಳು ಒಂದು ಕೀಲಿಯ ಮೇಲೆ ಹೋಗಿ, ಒತ್ತದೆ ಹಿಂದೆ ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಗಾಯ್ ತಲೆಯೆತ್ತಿ ಬುರುಲ್‌ಳನ್ನು ಹುಡುಕಿದರು. ಅವರ ಕುತ್ತಿಗೆ ಕೆಂಪಾಗಿತ್ತು.

"ಬಿಡಿ ಅಗಾಯ್" ಎಂದಳು ಬುರುಲ್. "ಅದೆಲ್ಲ ಮಾಡಿದ್ದು ನಾನು."

ಬೆಗಿಮಾಯ್‌ಳ ನಗು ಮಾಯವಾಯಿತು. "ಇವರೊಬ್ಬರದ್ದಾ?"

"ಹಿರಿಯರೆಲ್ಲರದ್ದೂ."

"ಮನೆ ಮುಳುಗಿಸಿದೆಯಲ್ಲೇ!" ರೆಕ್ಟರ್ ಹಲ್ಲು ಕಡಿದರು.

"ಅಗಾಯ್, ಕ್ಷಮಿಸಿ. ನಾನು ಇದನ್ನ ಬರೀಲೇಬೇಕು" ಎಂದಳು ಬೆಗಿಮಾಯ್, ಅವರ ಮುಖ ನೋಡದೆ.

"ಬರಿಯಮ್ಮ. ಮೊದಲು ನನ್ನ ಹೆಸರೇ ಬರಿ."

ಆಮೇಲೆ ಅವರು ಬುರುಲ್ ಕಡೆ ತಿರುಗಿದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ನೀನು ಮೊದಲ ವರ್ಷ ಬಂದಾಗ ನಕ್ಷೇಲಿ ನಿಮ್ಮೂರೇ ನಿಂಗೆ ಸಿಕ್ತಿರ್ಲಿಲ್ಲ. ನಾನು ಬೆರಳಿಟ್ಟು ತೋರ್ಸಿ ಸುಮ್ನಾದ್ನಾ ಮಗಳೇ? ನೀನೇ ಹುಡುಕೋವರೆಗೂ ಪಕ್ಕದಲ್ಲಿ ನಿಂತಿದ್ದೆ. ಇಷ್ಟು ದಿನದಲ್ಲಿ ನನ್ನ ಒಂದ್ಸಲ ಕೂರ್ಸಿ ಹೇಳ್ಕೊಡ್ಬೇಕು ಅನ್ನಿಸ್ಲಿಲ್ವಾ ನಿಂಗೆ? ಈ ಮುದುಕನ ತಲೆಗೆ ಹತ್ತಲ್ಲ ಅಂದ್ಕೊಂಡ್ಯಾ?"

ಬುರುಲ್ ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಅವಳು ಹಾಗೆಯೇ ಅಂದುಕೊಂಡಿದ್ದಳು.