ಕೊನೆಯ ಸ್ಟಾಪಿನಿಂದ ಮೇಲಕ್ಕೆ

ನಮ್ಮ ದೊಡ್ಡಪ್ಪ ಬಸ್ ಡ್ರೈವರ್. ಪೇಟೆಯಿಂದ ಬೆಟ್ಟದ ಬುಡದವರೆಗಿನ ಒಂದೇ ರೂಟಿನಲ್ಲಿ ಇಡೀ ಸರ್ವೀಸು ಕಳೆದವರು. ಕೊನೆಯ ಸ್ಟಾಪಿನಲ್ಲಿ ಒಂದು ಟೀ ಅಂಗಡಿ, ಒಂದು ನಲ್ಲಿ, ಬಸ್ಸು ತಿರುಗಿಸುವಷ್ಟು ಜಾಗ. ಬೇಸಿಗೆ ಬಂತೆಂದರೆ ಬೆಟ್ಟ ಹತ್ತುವವರು ಬೆನ್ನಿಗೆ ಚೀಲ ಏರಿಸಿಕೊಂಡು ಅಲ್ಲಿ ಇಳಿಯುತ್ತಿದ್ದರು. ಸಂಜೆಯ ಟ್ರಿಪ್ಪಿನಲ್ಲಿ ಅದೇ ಜನ ಮುಖ ಕೆಂಪಗಾಗಿ, ಬೂಟಿಗೆಲ್ಲ ಕೆಸರು ಮೆತ್ತಿಕೊಂಡು ಹತ್ತುತ್ತಿದ್ದರು. ಅವರ ಮಾತು ಕೇಳಿ ಕೇಳಿ ದೊಡ್ಡಪ್ಪನಿಗೆ ದಾರಿ ಬಾಯಿಪಾಠವಾಗಿತ್ತು.

"ತೊರೆ ಹತ್ರ ಎಡಕ್ಕೆ ತಿರುಗಿ. ಹೂವಿನ ಬಯಲು ಸಿಗುತ್ತೆ. ಅಲ್ಲಿಂದ ತುದಿ ಇಲ್ಲೇ ಇದೆ ಅನ್ಸುತ್ತೆ, ನಂಬಬೇಡಿ" ಎಂದು ಹೊಸಬರಿಗೆ ಹೇಳುವ ಗತ್ತು ನೋಡಬೇಕಿತ್ತು. ನಿಜ ಹೇಳಬೇಕೆಂದರೆ, ಟೀ ಅಂಗಡಿಯಿಂದಾಚೆ ಅವರು ಕಾಲಿಟ್ಟವರೇ ಅಲ್ಲ.

ದೊಡ್ಡಮ್ಮ ಸಿಕ್ಕಿದ್ದೂ ಅದೇ ಸ್ಟಾಪಿನಲ್ಲಿ. ಹೊಲಿಗೆ ಅಂಗಡಿಯ ಗೆಳತಿಯರ ಜೊತೆ ಬೆಟ್ಟ ಹತ್ತಲು ಬಂದ ಹುಡುಗಿ, ಬಸ್ಸಿನ ಮೆಟ್ಟಿಲು ಇಳಿಯುವಾಗಲೇ ಕಾಲು ಉಳುಕಿಸಿಕೊಂಡಳು. ಗೆಳತಿಯರು ಮೇಲೆ ಹೋದರು. ಇವಳು ಡ್ರೈವರು ತಂದುಕೊಟ್ಟ ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ಸಾದಳು.

"ಕಾಲು ವಾಸಿಯಾಗ್ಲಿ, ಇನ್ನೊಂದಿನ ನಾನೇ ಕರ್ಕೊಂಡು ಹೋಗ್ತೀನಿ" ಎಂದಿದ್ದರಂತೆ ದೊಡ್ಡಪ್ಪ.

ಮದುವೆಯಾಯಿತು, ಮಕ್ಕಳಾದರು. ಬೇಸಿಗೆಯಲ್ಲಿ ಬಸ್ಸು ತುಂಬಿ ತುಳುಕುತ್ತಿತ್ತು, ರಜೆ ಸಿಗುತ್ತಿರಲಿಲ್ಲ. ರಜೆ ಸಿಕ್ಕಾಗ ಬೆಟ್ಟದ ಮೇಲೆ ಹಿಮ. "ನಿಮ್ಮ ಆ ಇನ್ನೊಂದಿನ ಯಾವ ತಿಂಗಳಲ್ಲಿ ಬರುತ್ತೆ ರೀ?" ಎಂದು ದೊಡ್ಡಮ್ಮ ಹೊಲಿಗೆ ಮಿಷನ್ ತುಳಿಯುತ್ತಲೇ ಕುಟುಕುತ್ತಿದ್ದರು.

ಅದು ಬಂದದ್ದು ದೊಡ್ಡಪ್ಪ ನಿವೃತ್ತರಾದ ಮರುಬೇಸಿಗೆಯಲ್ಲಿ. ನಾನು ಆಗಷ್ಟೇ ನರ್ಸ್ ಕೆಲಸಕ್ಕೆ ಸೇರಿ, ಅವರ ಮನೆಯಲ್ಲೇ ಇದ್ದೆ. ನನಗೆ ರಜೆಯಿದ್ದ ದಿನ ದೊಡ್ಡಮ್ಮ ಬುತ್ತಿ ಕಟ್ಟಿ, "ಹೊರಡಿ" ಎಂದರು. ಬೆಳಗಿನ ಬಸ್ಸು. ಪ್ರಯಾಣಿಕರ ಸೀಟಿನಲ್ಲಿ ಕೂತ ದೊಡ್ಡಪ್ಪ ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದರು.

ತೊರೆಯ ಹತ್ತಿರ ಅವರೇ ಮುಂದಾಗಿ ಎಡಕ್ಕೆ ತಿರುಗಿದರು. ಕಾಲುದಾರಿ ಸೀದಾ ಹೋಗಿ ಒಂದು ಕುರಿದೊಡ್ಡಿಯ ಬಾಗಿಲಲ್ಲಿ ಮುಗಿಯಿತು. ಕುರಿಗಳು ತಲೆಯೆತ್ತಿ ನಮ್ಮನ್ನು ನೋಡಿದವು. ದೊಡ್ಡಪ್ಪ ತಲೆ ಕೆರೆದುಕೊಂಡರು.

"ಇಳಿದು ಬಂದೋರು ಹೇಳಿದ ಎಡ ಅಲ್ವಾ ಅದು? ಹತ್ತೋರಿಗೆ ಬಲ ಆಗುತ್ತೆ!"

"ಅಯ್ಯೋ ನಿಮ್ಮ! ಇಷ್ಟು ವರ್ಷ ಎಷ್ಟು ಜನಾನ ಈ ದೊಡ್ಡಿಗೆ ಕಳಿಸಿದೀರೋ!" ದೊಡ್ಡಮ್ಮ ನಕ್ಕು ನಕ್ಕು ಕಲ್ಲಿನ ಮೇಲೆ ಕೂತೇಬಿಟ್ಟರು.

ಬಲದ ದಾರಿ ಹಿಡಿದು ಏರಿದೆವು. ಮರಗಳು ಗಿಡ್ಡಗಾಗುತ್ತ ಬಂದು, ಕೊನೆಗೆ ಒಂದೂ ಉಳಿಯಲಿಲ್ಲ. ಎದುರಿಗೆ ಬಯಲು. ಮೊಣಕಾಲೆತ್ತರದ ಹುಲ್ಲಿನ ನಡುವೆ ಹಳದಿ, ಬಿಳಿ, ಗಂಟೆಯಂತೆ ತಲೆ ಬಾಗಿಸಿದ ನೀಲಿ ಹೂಗಳು. ಗಾಳಿ ಬೀಸಿದಾಗ ಇಡೀ ಇಳಿಜಾರು ಮಗ್ಗುಲು ಬದಲಿಸಿದಂತಾಗುತ್ತಿತ್ತು. ಜೇನ್ನೊಣಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೊಡ್ಡಮ್ಮ ಹೂ ಕೀಳಲಿಲ್ಲ. ಬಾಗಿ, ಬಟ್ಟೆಯ ನಯ ನೋಡುವವರಂತೆ ಒಂದು ಎಸಳನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರು.

ಜೀವನವೆಲ್ಲ ಕೂತೇ ಕೆಲಸ ಮಾಡಿದ ದೊಡ್ಡಪ್ಪನಿಗೆ ಏದುಸಿರು ಹತ್ತಿತ್ತು. "ಸಾಕು ಕಣೇ. ತುದಿ ಇಲ್ಲಿಂದ್ಲೇ ಕಾಣುತ್ತಲ್ಲ."

"ನೀವು ಕೂತಿರಿ. ನಾನು ನೋಡ್ಕೊಂಡು ಬರ್ತೀನಿ" ಎಂದು ದೊಡ್ಡಮ್ಮ ತಿರುಗಿಯೂ ನೋಡದೆ ನಡೆದರು. ಸ್ವಲ್ಪ ಹೊತ್ತು ದೊಡ್ಡಪ್ಪ ಅವರ ಬೆನ್ನನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ಕೈ ಚಾಚಿ, "ಎಬ್ಬಿಸಮ್ಮ ನನ್ನ" ಎಂದರು.

ತುದಿಯಲ್ಲಿ ಯಾರೋ ಪೇರಿಸಿಟ್ಟ ಕಲ್ಲಿನ ಗುಡ್ಡೆ, ನೆರಳಿನಲ್ಲಿ ಕರಗದೆ ಉಳಿದ ಹಿಡಿ ಹಿಮ. ಕೆಳಗೆ ದಾರದಷ್ಟು ರಸ್ತೆ, ಅದರ ಮೇಲೆ ಬೆಂಕಿಪೊಟ್ಟಣದಂಥ ಬಸ್ಸು. ದೊಡ್ಡಪ್ಪ ಅದನ್ನೇ ದಿಟ್ಟಿಸಿದರು. "ಇಷ್ಟೇನಾ?" ಎಂದರು ಮೆಲ್ಲಗೆ.

ದೊಡ್ಡಮ್ಮ ಪಕ್ಕದಲ್ಲಿ ಕೂತರು. "ಆವತ್ತು ಕಾಲು ಉಳುಕದೆ ಇದ್ದಿದ್ರೆ ಇದನ್ನೆಲ್ಲ ಆವತ್ತೇ ನೋಡಿರ್ತಿದ್ದೆ."

"ಮತ್ತೆ ನನ್ನ?"

"ನಿಮ್ಮನ್ನ ಸಂಜೆ ಬಸ್ಸಲ್ಲಿ ನೋಡಿರ್ತಿದ್ದೆ, ಬಿಡಿ."

ದೊಡ್ಡಪ್ಪ ಮುಖ ಆಚೆ ತಿರುಗಿಸಿ, ಗಾಳಿಗೆ ಕಣ್ಣು ಉರಿಯುತ್ತದೆ ಎಂದರು.

ಆಮೇಲೆ ಪ್ರತಿ ಬೇಸಿಗೆಯಲ್ಲೂ ನಾವು ಮೂವರು ಹೋಗುತ್ತಿದ್ದೆವು. ದೊಡ್ಡಪ್ಪ ಮತ್ತೆಂದೂ ತುದಿಗೆ ಬರಲಿಲ್ಲ, ಬಯಲಿನಲ್ಲೇ ಉಳಿದುಬಿಡುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಈಗ ನೆನೆಸಿಕೊಂಡರೆ ಸ್ಟೀರಿಂಗ್ ಹಿಡಿದ ದೊಡ್ಡಪ್ಪ ಕಣ್ಣ ಮುಂದೆ ಬರುವುದೇ ಇಲ್ಲ. ನಾನೂ ದೊಡ್ಡಮ್ಮನೂ ಇಳಿದು ಬರುವಷ್ಟರಲ್ಲಿ, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಟೋಪಿ ಮುಖಕ್ಕೆ ಮುಚ್ಚಿಕೊಂಡು, ನೀಲಿ ಹೂಗಳ ನಡುವೆ ಗೊರಕೆ ಹೊಡೆಯುತ್ತಿದ್ದ ದೊಡ್ಡಪ್ಪನೇ ಬರುತ್ತಾರೆ. ದೊಡ್ಡಮ್ಮ ಎಬ್ಬಿಸುತ್ತಿರಲಿಲ್ಲ. ಸದ್ದು ಮಾಡಬೇಡ ಎಂದು ನನಗೆ ಸನ್ನೆ ಮಾಡಿ, ಅವರ ಪಕ್ಕದ ಹುಲ್ಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದರು.