ರಂಗಮಂದಿರದ ಹಿತ್ತಿಲಿನ ಹಡಗು

ಈ ಬೆಳಿಗ್ಗೆ ದಾಂಡೇಲಿಯ ನಮ್ಮ ರಂಗಮಂದಿರದ ಮುಂದೆ ಹಾಯುವಾಗ ನೀಲಿ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿಯಿತು. ಕಾಗದದ ಗಿರಣಿಯ ವಾಸನೆಯನ್ನೂ ಮೀರಿಸುವಂಥದ್ದು. ನಮ್ಮ ನಾಟಕದ ಸಜ್ಜನರು ಮತ್ತೆ ಹಡಗು ಕಟ್ಟುತ್ತಿದ್ದಾರೆ ಎಂದುಕೊಂಡೆ.

ಸಮುದ್ರವೇ ಕಾಣದ ಊರಿಗೆ ಹಡಗೇಕೆ ಎನ್ನುತ್ತೀರಾ? ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ನಾಟಕ ಸಂಘ ಯೆಹೂದಿ ನಿರಾಶ್ರಿತರ ಕಥೆಯೊಂದನ್ನು ಆಡಿತ್ತು. ಯುರೋಪಿನ ಕೊಲೆಗಡುಕರಿಂದ ತಪ್ಪಿಸಿಕೊಂಡು, ತಮ್ಮದೆನ್ನುವ ನೆಲವನ್ನು ಹುಡುಕುತ್ತ ಹೊರಟವರ ಹಡಗು. ಬಂದರು ಬಂದರಿನಲ್ಲೂ 'ಜಾಗವಿಲ್ಲ' ಎಂಬ ಉತ್ತರ. ಸಂಘದ ಕಾರ್ಯದರ್ಶಿಗಳೇ ಕಪ್ತಾನರು. "ಬಾಗಿಲು ತೆರೆಯಿರಿ, ಒಳಗೆ ಮಕ್ಕಳಿದ್ದಾರೆ!" ಎಂದು ಅವರು ಕೂಗಿದಾಗ ಹಳಿಯಾಳದಿಂದ ಬಂದ ಗಣ್ಯರೂ ಕಣ್ಣೊರೆಸಿಕೊಂಡರು. ಕರವಸ್ತ್ರಗಳ ಮಟ್ಟಿಗೆ ಅದು ಅಭೂತಪೂರ್ವ ಪ್ರದರ್ಶನ.

ನಾಟಕ ಮುಗಿದ ಮೇಲೆ ಹಲಗೆಯ ಹಡಗು ಹಿತ್ತಿಲಲ್ಲಿ ಬಿದ್ದಿತ್ತು. ಆ ಮಳೆಗಾಲದಲ್ಲಿ ರಸ್ತೆ ಅಗಲಿಸುವವರು ಮಂದಿರದ ಕಸ ಗುಡಿಸುವ ಯಲ್ಲವ್ವನ ಗುಡಿಸಲನ್ನು ಕೆಡವಿದರು. ಆಕೆ ಮಗಳನ್ನು ಕರೆದುಕೊಂಡು ಬಂದು ಹಡಗಿನೊಳಗೆ ಒಲೆ ಹೂಡಿದಳು. ಮರುದಿನವೇ ಕಾರ್ಯದರ್ಶಿಗಳು ಕೊಡೆ ಹಿಡಿದು ಬಂದರು.

"ಯವ್ವಾ, ಇದು ನಾಟಕದ ಸಾಮಾನೈತಿ. ಇವತ್ತ ನಿನ್ನ ಬಿಟ್ರ ನಾಳೆ ಹತ್ತ ಮಂದಿ ಬರ್ತಾರ."

"ಮಳಿ ನಿಲ್ಲೂತನಕ ಅಷ್ಟರೀ. ಬಾಗಲಾ ತಗೀರಿ ಅಂತ ನೀವ ಹೊಯ್ಕೊಂಡಿದ್ರಲ್ಲರೀ ಅವತ್ತ?"

"ಅದು ಪಾತ್ರ."

"ಹೌದೇನ್ರಿ? ಚಂದ ಮಾಡಿದ್ರಿ ಬಿಡ್ರಿ."

ಅನ್ಯಾಯ ಕಂಡಲ್ಲೆಲ್ಲ ಅರ್ಜಿ ಬರೆಯುವುದು ನನ್ನ ಹಳೆಯ ಚಟ. ವಸತಿಯ ಹಕ್ಕು, ದುಡಿಮೆಯ ಘನತೆ, ಲಿಂಗತಾರತಮ್ಯ, ಒಂದನ್ನೂ ಬಿಡದೆ ಬರೆದು, 'ಆಶ್ರಯವಂಚಿತ ಶ್ರಮಿಕ ಮಹಿಳೆ'ಯ ಪರವಾದ ಆ ಅರ್ಜಿಯನ್ನು ಯಲ್ಲವ್ವನಿಗೇ ಓದಿ ಹೇಳಿದೆ.

"ಪಾಪ, ಯಾರ್ರೀ ಅಕ್ಕಾರ ಆಕಿ?" ಎಂದಳು. "ಅದಿರ್ಲಿ, ಮಳಿ ನೀರ ಸೋರದಂಗ ಮ್ಯಾಲ ಹೊಚ್ಚಾಕ ಒಂದ ತಾಡಪತ್ರಿ ಸಿಗತೈತೇನ ನೋಡ್ರಿ."

ನನ್ನ ಅರ್ಜಿ ಯಾರನ್ನೂ ತಲುಪುವ ಮೊದಲೇ ಅವಳನ್ನು ಹೊರಗೆ ಹಾಕಿ ಹಡಗನ್ನು ಬಿಚ್ಚಿದರು. ಅದೇ ಹಲಗೆಗಳು ಸನ್ಮಾನದ ವೇದಿಕೆಯಾದವು. ಮಾನವೀಯತೆ ಸಾರಿದ್ದಕ್ಕಾಗಿ ಕಪ್ತಾನರು ಅವುಗಳ ಮೇಲೆ ನಿಂತು ಶಾಲು ಹೊದ್ದರು. ಯಲ್ಲವ್ವ ಮುಂಡಗೋಡದ ತಂಗಿಯ ಮನೆಗೆ ಹೋದಳು. ಅಲ್ಲಿನ ದನದ ಕೊಟ್ಟಿಗೆಯ ಸೋರುವ ಮೂಲೆಯೇ ಇಂದಿಗೂ ಅವಳ ಸ್ವದೇಶ.

ಇಂದು ಕಾರ್ಯದರ್ಶಿಗಳು ನನ್ನನ್ನು ಕಂಡು ಉತ್ಸಾಹದಿಂದ ಕರೆದರು. "ಬರ್ರಿ ಮೇಡಂ, ಈ ಸಲ ಹಡಗ ದೊಡ್ಡದ ಮಾಡೇವಿ. ನಿಮ್ದೊಂದ ಲೇಖನ ಬೇಕ್ರಿ."

ಸುತ್ತಿ ನೋಡಿದೆ. ಬಣ್ಣ ಒಣಗುವ ಮೊದಲೇ ಹಡಗಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

"ಇದ್ಯಾಕ್ರೀ?"

"ಯಾರರ ಹೊಕ್ಕೊಂಡ್ರ?"

ಅವರು ಕೇಳಿದ ಲೇಖನ ಇದೇ. ಮುಂಡಗೋಡದ ಬಸ್ಸಿನಲ್ಲಿ, ಹೊಸ ತಾಡಪತ್ರಿಯ ಸುರುಳಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದಿದ್ದರಿಂದ ಅಕ್ಷರಗಳು ಕೊಂಚ ಅಲುಗಿವೆ.