ಅಮಾವಾಸ್ಯೆಯ ಹರಳೆಣ್ಣೆ

ನಮ್ಮ ಮನೆಯ ಲಾರಿ ಕೆಟ್ಟದ್ದು ನನ್ನಿಂದ. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಈಗ ಹೇಳಿದರೆ ಬೈಯುವವರು ಯಾರೂ ಉಳಿದಿಲ್ಲ, ಅದಕ್ಕೇ ಧೈರ್ಯ ಬಂದಿದೆ ಅಂದರೂ ಸರಿಯೇ.

ಆಗ ನಿಜಾಮರ ಕಾಲ, ದೂರದಲ್ಲೆಲ್ಲೋ ಯುದ್ಧ. ಸಿಂಧನೂರಿನ ನಮ್ಮ ಮಾವನವರು ಇದ್ದ ಎತ್ತು, ಗಾಡಿಗಳನ್ನೆಲ್ಲ ಮಾರಿ ಒಂದು ಲಾರಿ ತಂದಿದ್ದರು. ಹತ್ತಿ, ಜೋಳ ಹೇರಿಕೊಂಡು ಅದು ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗಿ ಬರುತ್ತಿತ್ತು. ನಾನು ಸೊಸೆಯಾಗಿ ಬರುವ ಹೊತ್ತಿಗೇ ಅದು ಮುದಿಯಾಗಿತ್ತು. ಎಷ್ಟು ಮೈಲಿ ಓಡಿತ್ತೋ ದೇವರಿಗೇ ಗೊತ್ತು, ಮೈಲಿ ತೋರಿಸುವ ಮುಳ್ಳು ಎಂದೋ ನಿಂತುಹೋಗಿತ್ತು. ಮೊದಲ ದಿನದಿಂದ ಅದನ್ನು ಓಡಿಸುತ್ತಿದ್ದವರು ಒಬ್ಬ ಸಾಬರು. ಮನೆಯವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ನನ್ನ ರೊಟ್ಟಿ ಗಟ್ಟಿಯಾದ ದಿನ, "ಯವ್ವಾ, ಇನ್ನೊಂದು ಕೊಡು, ಗಾಲಿ ಹಿಂದ ಕಲ್ಲಿನ ಬದಲಿ ಇಡ್ತೀನಿ" ಎಂದು ಕಾಡುತ್ತಿದ್ದರು. ಆ ಮನೆಯಲ್ಲಿ ನನಗೂ ನಗು ಬರುವಂಥ ಮಾತಾಡುತ್ತಿದ್ದವರು ಅವರೊಬ್ಬರೇ.

ನನ್ನ ತವರು ತುರ್ವಿಹಾಳ, ಗಾಡಿ ಹೊಡೆಯುವ ಮನೆತನ. ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ. ಅವತ್ತು ಗಾಡಿ ತೊಳೆದು ಅಚ್ಚಿಗೆ ಹರಳೆಣ್ಣೆ ಹಾಕುವುದು ನಮ್ಮಲ್ಲಿ ಹೆಂಗಸರ ಕೆಲಸ. ಮಾವನವರು ಲಾರಿಗೂ ಅದೇ ಶಾಸ್ತ್ರ ಇಟ್ಟಿದ್ದರು. ಅಮಾವಾಸ್ಯೆಗೆ ಅದು ಅಂಗಳ ಬಿಡುತ್ತಿರಲಿಲ್ಲ, ನಾನು ಅದಕ್ಕೆ ಕುಂಕುಮ ಹಚ್ಚಬೇಕು. ಯುದ್ಧ ಬಲಿತಂತೆ ಎಂಜಿನ್ನಿಗೆ ಹಾಕುವ ಎಣ್ಣೆ ಸಿಗದಾಯಿತು. ಚಾಚಾ ಖಾಲಿ ಡಬ್ಬಿಯನ್ನು ಬೋರಲು ಹಿಡಿದು ಕೊನೆಯ ಹನಿಗಾಗಿ ಕಾಯುತ್ತ ನಿಲ್ಲುವುದನ್ನು ನೋಡಿ ನನಗೆ ಕರುಳು ಚುರ್ ಎನ್ನುತ್ತಿತ್ತು. ಒಳಗೆ ನೋಡಿದರೆ ನಾನೇ ಕುದಿಸಿ ತೆಗೆದ ಹರಳೆಣ್ಣೆ ಗಡಿಗೆ ತುಂಬ. ಒಂದು ಅಮಾವಾಸ್ಯೆ, ಅವರು ಉಣ್ಣಲು ಹೋದಾಗ, ಅವರು ಎಣ್ಣೆ ಹಾಕುತ್ತಿದ್ದ ಬಾಯಿಗೇ ಒಂದು ತಂಬಿಗೆ ಸುರಿದು ಮುಚ್ಚಿದೆ. ಅಚ್ಚು ಒಣಗಬಾರದು, ನನಗೆ ಗೊತ್ತಿದ್ದದ್ದು ಅಷ್ಟೇ. ಹೀಗೆ ಮೂರು ಅಮಾವಾಸ್ಯೆ. ಯಾರಿಗೂ ಹೇಳಲಿಲ್ಲ, ಹೇಳದೆ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ.

ನಾಲ್ಕನೆಯದು ಬರುವುದರೊಳಗೆ ಲಾರಿ ದಟ್ಟ ಹೊಗೆ ಬಿಡತೊಡಗಿತು. ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಿ ಎಂಜಿನ್ ಶುರುಮಾಡಲು ಇಬ್ಬರು ಬೇಕಾದರು. ಒಂದು ದಿನ ಮಸ್ಕಿಯ ಹಳ್ಳ ದಾಟಿ ಏರು ಹತ್ತುವಾಗ ನಿಂತೇಬಿಟ್ಟಿತು. ಮಂದಿಯ ಎತ್ತುಗಳನ್ನು ಹೂಡಿ ಸಿಂಧನೂರಿನವರೆಗೆ ಎಳೆಸಿ ತಂದರು. ಎತ್ತು ಮಾರಿ ಲಾರಿ ತಂದವರ ಲಾರಿಗೆ ಎತ್ತೇ ಗತಿಯಾಯಿತೆಂದು ಊರು ನಕ್ಕಿತು.

ಮರಮ್ಮತ್ತು ಮಾಡಿಸುವುದೋ, ಬದಲಿಸುವುದೋ ಎಂದು ಮನೆಯಲ್ಲಿ ಎಂಟು ದಿನ ಚರ್ಚೆ. ಲಿಂಗಸುಗೂರಿನ ವ್ಯಾಪಾರಿಯೊಬ್ಬ ಇದನ್ನು ತೆಗೆದುಕೊಂಡು ಬೇರೊಂದು ಲಾರಿ ಕೊಡಲು ಸಿದ್ಧನಿದ್ದ. ಆದರೆ ಅದನ್ನು ತನ್ನ ಅಕ್ಕನ ಮಗನೇ ಓಡಿಸಬೇಕೆಂಬ ಕರಾರು. ಎಂದರೆ ಚಾಚಾನಿಗೆ ಕೆಲಸವಿಲ್ಲ. "ಎಂಜಿನ್ ಬಿಚ್ಚಿ ತೊಳದ್ರ ಇನ್ನೂ ಐದು ವರ್ಷ ಓಡ್ತೈತ್ರಿ" ಎಂದು ಅವರು ದಿನಾ ಬಂದು ಹೇಳುತ್ತಿದ್ದರು. ಮಾವನವರು ಅವರತ್ತ ಅರ್ಧ ವಾಲುತ್ತಿದ್ದರು, ಮತ್ತೆ ಸಿಟ್ಟಿಗೇಳುತ್ತಿದ್ದರು. "ಯಾರಾರ ಕೆಡಿಸಿದ್ದು ಗೊತ್ತಾದ್ರ, ಅವರು ಯಾರಾ ಇರಲಿ, ಈ ಮನಿ ಹೊಸ್ತಿಲ ತುಳಿಯಂಗಿಲ್ಲ."

ಅವತ್ತು ರಾತ್ರಿ ಗಂಡನ ಮುಂದೆ ಅರ್ಧ ಬಾಯಿ ಬಿಟ್ಟೆ. "ಎಣ್ಣ್ಯಾಗ ಏನಾರ ಕೂಡಿರಬೇಕೇನ್ರಿ?"

"ನಿನಗ್ಯಾಕ ಮೋಟಾರಿನ ಉಸಾಬರಿ? ನೀ ರೊಟ್ಟಿ ನೋಡು" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಾಯೆನಿಸಿತು.

ಒಂಬತ್ತನೆಯ ದಿನ ಮಾವನವರು ಚಾಚಾನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. "ಇವತ್ತು ಖರೇ ಹೇಳು. ವಯಸ್ಸಾಗಿದ್ರ ಮಾರ್ತೀನಿ. ಏನಾರ ಬ್ಯಾನಿ ಇದ್ರ ತೋರಿಸು, ಮರಮ್ಮತ್ತು ಮಾಡಿಸ್ತೀನಿ."

ಚಾಚಾ ಎಂಜಿನ್ನಿನ ಅಡಿಗೆ ತೂರಿ ತಿರುಪು ಬಿಚ್ಚಿದರು. ಅಂಟು ಅಂಟಾದ ಎಣ್ಣೆ ಅಂಗೈಗೆ ಇಳಿಯಿತು. ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದರು. ಮಾವನವರ ಮೂಗು ನಶ್ಯದಿಂದ ಎಂದೋ ಸತ್ತಿತ್ತು. ನಾನು ಮಜ್ಜಿಗೆಯ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಚಾಚಾ ನನ್ನ ಕಡೆ ಒಮ್ಮೆ ನೋಡಿದರು. ಆ ಮನೆಯಲ್ಲಿ ಹರಳೆಣ್ಣೆ ಕುದಿಸುವವಳು ನಾನೊಬ್ಬಳೇ ಎಂದು ಅವರಿಗೆ ಗೊತ್ತಿತ್ತು.

"ವಯಸ್ಸಾಗೈತ್ರಿ ಯಜಮಾನ್ರ" ಎಂದರು, ಕೈ ಒರೆಸಿಕೊಳ್ಳುತ್ತ. "ಮಾರಿಬಿಡ್ರಿ."

ನಾನು ಬಾಯಿ ಬಿಟ್ಟಿದ್ದರೆ ಚಾಚಾನ ಕೆಲಸ ಉಳಿಯುತ್ತಿತ್ತು. ಮಾವನ ಎದುರು ಸೊಸೆ ಮಾತಾಡಬಾರದೆಂಬ ರಿವಾಜನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಶಪಿಸಿದ್ದೆನೋ. ಅವತ್ತು ಅದರ ಹಿಂದೆಯೇ ಅಡಗಿ ನಿಂತೆ. ಚಾಚಾ ಮಜ್ಜಿಗೆ ಕುಡಿದು, ಹ್ಯಾಂಡಲನ್ನು ಮಾವನವರ ಕಾಲ ಬಳಿ ಇಟ್ಟು ಹೋದರು.

ಲಿಂಗಸುಗೂರಿನವರು ಎಂಜಿನ್ ಬಿಚ್ಚಿ ತೊಳೆಸಿದರು. ಅದೇ ಲಾರಿ ಎಷ್ಟೋ ವರ್ಷ ನಮ್ಮ ಮನೆಯ ಮುಂದೆಯೇ ಓಡಾಡಿತು. ಓಡುವ ಲಾರಿಗೆ ವಯಸ್ಸಾಗಿದೆ ಎಂದವನು ಎಂಥ ಡ್ರೈವರನೆಂದು ಜನ ಆಡಿಕೊಂಡರು. ಚಾಚಾನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಆಮೇಲೊಮ್ಮೆ ಒಂದು ಮದುವೆಗೆಂದು ನಾನೂ ಗಂಡನೂ ಬದಲಿಗೆ ಬಂದ ಲಾರಿಯಲ್ಲಿ ಮಸ್ಕಿಗೆ ಹೋದೆವು. ಸಂತೆಯ ಬದಿಗೆ ಯಾರದೋ ಎತ್ತಿನ ಗಾಡಿಯ ಗಾಲಿ ಕಳಚಿ ಒಬ್ಬರು ಅಚ್ಚಿಗೆ ಎಣ್ಣೆ ಹಾಕುತ್ತಿದ್ದರು. ಚಾಚಾ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಲಾರಿಯಲ್ಲಿ ಕೂತಿದ್ದ ನನ್ನನ್ನು ಕಂಡು ಎಣ್ಣೆಯ ಕುಡಿಕೆ ಎತ್ತಿ ತೋರಿಸಿದರು.

"ಯವ್ವಾ, ಹರಳೆಣ್ಣಿ ಇದಕ್ಕ ಹಾಕಬೇಕು ನೋಡು" ಎಂದು ನಕ್ಕರು. ಸಿಟ್ಟಿನ ಎಳೆಯೂ ಇರಲಿಲ್ಲ ಆ ನಗೆಯಲ್ಲಿ.

ಆ ಕಡೆ ಕೂತಿದ್ದ ಗಂಡನಿಗೆ ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. "ಚಾಚಾ ಏನಂದ್ರು?" ಎಂದರು.

"ಈಗಾರ ರೊಟ್ಟಿ ಮೆತ್ತಗ ಆಗ್ಯಾವೇನು ಅಂದ್ರು" ಎಂದೆ. ಅವರೂ ನಕ್ಕರು.